1.18 ಅಂದರೆ ನಾರ್ಮಲ್ ಅಲ್ವಾ? ಕಾಲಿನ ರಕ್ತನಾಳ ಪರೀಕ್ಷೆಯನ್ನು ತಪ್ಪಾಗಿ ಓದಿದ ಒಂದು ಪ್ರಕರಣ

ನಾನು ತರಬೇತಿ ವೈದ್ಯರಿಗೆ ಪಾಠ ಮಾಡುತ್ತೇನೆ. ಇದು ನಮ್ಮ ವಾರ್ಡಿನಲ್ಲಿ, ನನ್ನ ಕಣ್ಣೆದುರೇ ನಡೆದದ್ದು. ರೋಗಿಯ ಮತ್ತು ತರಬೇತಿಯಲ್ಲಿದ್ದವರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರಕ್ತದೊತ್ತಡದ ಅಂಕಿಗಳನ್ನು ಮಾತ್ರ ಮುಟ್ಟಿಲ್ಲ. ನಾವು ಎಡವಿದ್ದು ಆ ಅಂಕಿಗಳಲ್ಲೇ.

ಹಿನ್ನೆಲೆ

ಅರವತ್ತು ದಾಟಿದ ಒಬ್ಬರು. 18 ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಕಿಡ್ನಿಯ ಕೆಲಸವೂ ಸ್ವಲ್ಪ ಕುಂದಿತ್ತು. ಬಹಳ ವರ್ಷ ಸಿಗರೇಟ್ ಸೇದಿ ಆಮೇಲೆ ಬಿಟ್ಟಿದ್ದರು. ಎಡಗಾಲಿನ ಎರಡನೇ ಬೆರಳ ತುದಿಯಲ್ಲಿ ಉಗುರಿಗಿಂತ ಚಿಕ್ಕದೊಂದು ಗಾಯ. ಹೊಸ ಬೂಟು ಉಜ್ಜಿ ಆದದ್ದು. ನೋವಿರಲಿಲ್ಲ. ಅದಕ್ಕೇ ಹತ್ತು ದಿನ ಅವರು ಅದನ್ನು ಗಮನಿಸಿರಲಿಲ್ಲ.

ಮೊದಲು ನೋಡಿದ ರೆಸಿಡೆಂಟ್ ಶ್ರದ್ಧೆಯ ಹುಡುಗ. ಸಕ್ಕರೆ ಕಾಯಿಲೆ ಇರುವವರ ಕಾಲಿನಲ್ಲಿ ಗಾಯ ಕಂಡರೆ ರಕ್ತ ಓಡಾಟ ನೋಡಲೇಬೇಕು ಎಂದು ಅವನಿಗೆ ಗೊತ್ತಿತ್ತು. ನಡೆದರೆ ಮೀನಖಂಡ ನೋಯುತ್ತದಾ ಎಂದು ಕೇಳಿದ. ಇಲ್ಲ ಎಂದರು. ಪಾದ ಮುಟ್ಟಿ ನೋಡಿದ, ಬೆಚ್ಚಗಿತ್ತು. ಪಾದದ ಮೇಲಿನ ನಾಡಿ ‘ಸಿಗುತ್ತಿದೆ ಅನ್ನಿಸುತ್ತದೆ’ ಎಂದು ಬರೆದ. ಆಮೇಲೆ ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಯಂತ್ರ ತಂದು ಎಬಿಐ ಮಾಡಿದ. ಕಣಕಾಲಿನ ಸಿಸ್ಟೋಲಿಕ್ ಒತ್ತಡವನ್ನು (ಬಿಪಿಯ ಮೇಲಿನ ಅಂಕಿಯನ್ನು) ತೋಳಿನ ಸಿಸ್ಟೋಲಿಕ್ ಒತ್ತಡದಿಂದ ಭಾಗಿಸಿದರೆ ಸಿಗುವ ಅಂಕಿ ಅದು. ಕಾಲಿನ ದೊಡ್ಡ ನಾಳ ಎಲ್ಲೋ ಕಟ್ಟಿಕೊಂಡಿದ್ದರೆ ಕೆಳಗೆ ಒತ್ತಡ ಕುಸಿಯುತ್ತದೆ, ಅಂಕಿಯೂ ಇಳಿಯುತ್ತದೆ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆರಿಫೆರಲ್ ಆರ್ಟರಿ ಡಿಸೀಸ್ (ಪಿಎಡಿ), ಅಂದರೆ ಕಾಲಿನ ರಕ್ತನಾಳ ಕಿರಿದಾಗುವ ಕಾಯಿಲೆ.

ಬಲ ತೋಳು 142, ಎಡ ತೋಳು 146. ಎಡಗಾಲಿನಲ್ಲಿ ಪಾದದ ಮೇಲಿನ ನಾಳ 172, ಕಣಕಾಲಿನ ಒಳಬದಿಯ ನಾಳ 160. ಲೆಕ್ಕ ಸರಿಯಾಗೇ ಇತ್ತು. 172 ಭಾಗಿಸು 146, ಅಂದರೆ 1.18. ಬಲಗಾಲಿನಲ್ಲಿ 220 ಸಿಕ್ಕಿತ್ತು, ಎಬಿಐ 1.51. ಫೈಲಿನಲ್ಲಿ ಬರೆದ ಸಾಲು ಇದು: ‘ಎಬಿಐ ಎಡ 1.18, ಬಲ 1.51. ನಾರ್ಮಲ್. ಪಿಎಡಿ ಇಲ್ಲ.’

ಮರುದಿನದ ರೌಂಡಿನಲ್ಲಿ ಆ ಹಾಳೆ ನನ್ನ ಮುಂದೆ ಬಂತು. ನಾನು ‘ನಾರ್ಮಲ್’ ಎಂಬ ಪದ ಓದಿದೆ, ಸಹಿ ಹಾಕಿದೆ, ಮುಂದಿನ ಹಾಸಿಗೆಗೆ ಹೋದೆ. ಇದನ್ನು ಬಿಟ್ಟು ಪ್ರಕರಣ ಬರೆದರೆ ಅರ್ಧ ಸತ್ಯ ಬರೆದ ಹಾಗೆ.

ಮೂರು ವಾರ

ಡ್ರೆಸಿಂಗ್, ಆ್ಯಂಟಿಬಯೋಟಿಕ್, ಭಾರ ಬೀಳದ ಹಾಗೆ ಬೇರೆ ಪಾದರಕ್ಷೆ. ಸೋಂಕು ತಗ್ಗಿತು, ಆದರೆ ಗಾಯ ಕೂಡಲಿಲ್ಲ. ತಳ ಬಿಳಿಚಿಕೊಂಡೇ ಇತ್ತು. ಕೆರೆದರೆ ರಕ್ತ ಜಿನುಗುತ್ತಿರಲಿಲ್ಲ. ಪ್ರತಿ ಭೇಟಿಯಲ್ಲೂ ಯಾರೋ ಒಬ್ಬರು ಹಳೆಯ ಸಾಲನ್ನು ನಕಲು ಮಾಡುತ್ತಿದ್ದರು: ‘ಪಿಎಡಿ ಇಲ್ಲ.’ ಒಂದು ಸಲ ಫೈಲಿಗೆ ಹತ್ತಿದ ಮಾತು ಸುಲಭಕ್ಕೆ ಇಳಿಯುವುದಿಲ್ಲ. ಮೂರನೇ ವಾರ ಬೆರಳ ತುದಿ ಕಪ್ಪಾಗತೊಡಗಿತು.

ಆ ದಿನ ಡ್ರೆಸಿಂಗ್ ಬಿಚ್ಚಿದ್ದು ಒಬ್ಬ ಇಂಟರ್ನ್. ಕೆಲಸಕ್ಕೆ ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಅವಳು ಸುಮ್ನೆ ಡಾಪ್ಲರ್ ಇಟ್ಟು ಕೇಳಿದಳು. ಕಫ್, ಅಂದರೆ ಬಿಪಿ ನೋಡುವಾಗ ಸುತ್ತುವ ಗಾಳಿ ಪಟ್ಟಿ, ಕಟ್ಟಲಿಲ್ಲ. ಅಂಕಿ ತೆಗೆಯಲಿಲ್ಲ. ಆಮೇಲೆ ತನ್ನ ಪಾದಕ್ಕೇ ಡಾಪ್ಲರ್‌ನ ತುದಿ, ಅಂದರೆ ಪ್ರೋಬ್, ಇಟ್ಟುಕೊಂಡು ಕೇಳಿದಳು. ಮತ್ತೆ ರೋಗಿಯ ಪಾದ. ನನ್ನ ಹತ್ತಿರ ಬಂದು ಹೇಳಿದಳು: ‘ಮೇಡಂ, ನನ್ನ ಕಾಲಲ್ಲಿ ಟಪ್ ಟಪ್ ಅಂತ ಚುರುಕಾಗಿ ಕೇಳತ್ತೆ. ಇವರ ಕಾಲಲ್ಲಿ ಗಾಳಿ ಬೀಸಿದ ಹಾಗೆ ಒಂದೇ ಸದ್ದು. ಹುಶ್, ಹುಶ್. ಇದು ನಾರ್ಮಲ್ಲಾ?’

ಹಿರಿಯ ರೆಸಿಡೆಂಟ್ ‘ಎಬಿಐ 1.18 ಇದೆಯಲ್ಲಾ’ ಎಂದ. ಅವಳು ಪಟ್ಟು ಬಿಡಲಿಲ್ಲ. ‘ಹಾಗಾದರೆ ಬಲಗಾಲು 1.51 ಯಾಕೆ?’ ಎಂದು ಕೇಳಿದಳು.

ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ಇದರ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1.51 ಏನು ಹೇಳುತ್ತಿತ್ತು?

ಕಫ್ ಅಳೆಯುವುದು ನಾಳದ ಒಳಗಿನ ಒತ್ತಡವನ್ನು ನೇರವಾಗಿ ಅಲ್ಲ. ಹೊರಗಿನಿಂದ ನಾಳವನ್ನು ಒತ್ತಿ ಮುಚ್ಚಲು ಎಷ್ಟು ಬಲ ಬೇಕು ಎಂಬುದನ್ನು ಅದು ಅಳೆಯುತ್ತದೆ. ನಾಳ ಮೆತ್ತಗಿದ್ದರೆ ಎರಡೂ ಒಂದೇ. ಬಹಳ ಕಾಲದ ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇರುವವರಲ್ಲಿ ಮತ್ತು ತುಂಬಾ ವಯಸ್ಸಾದವರಲ್ಲಿ ಕಾಲಿನ ನಾಳದ ನಡುವಿನ ಪದರಕ್ಕೆ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತದೆ. ಅದನ್ನು ಮುಚ್ಚಲು ಕಫ್ ಜಾಸ್ತಿ ಒತ್ತಬೇಕು. ಒಳಗೆ ರಕ್ತ ತೆಳ್ಳಗೆ ಹರಿಯುತ್ತಿದ್ದರೂ ಅಂಕಿ ಮೇಲೇರುತ್ತದೆ. ಅದಕ್ಕೇ 1.40ಕ್ಕಿಂತ ಮೇಲೆ ಬಂದ ಎಬಿಐಗೆ ‘ತುಂಬಾ ಚೆನ್ನಾಗಿದೆ’ ಎಂಬ ಅರ್ಥವಿಲ್ಲ. ನಾಳ ಬಗ್ಗುತ್ತಿಲ್ಲ, ಈ ಅಂಕಿಯನ್ನು ನಂಬಬೇಡಿ ಎಂದೇ ಅರ್ಥ.

ಬಲಗಾಲಿನ ನಾಳ ಗಟ್ಟಿಯಾಗಿದ್ದರೆ ಅದೇ ಮನುಷ್ಯನ ಎಡಗಾಲಿನ ನಾಳ ಮೆತ್ತಗಿರುತ್ತದಾ? ಇರುವುದು ಕಷ್ಟ. ಎಡಗಾಲಿನಲ್ಲಿ ಕಟ್ಟಿಕೊಂಡ ನಾಳ ಅಂಕಿಯನ್ನು ಕೆಳಕ್ಕೆ ಎಳೆಯುತ್ತಿತ್ತು, ಗಟ್ಟಿಯಾದ ಗೋಡೆ ಮೇಲಕ್ಕೆ ತಳ್ಳುತ್ತಿತ್ತು. ಎರಡೂ ಸೇರಿ 1.18ಕ್ಕೆ ಬಂದು ನಿಂತಿತ್ತು. ಆರೋಗ್ಯವಂತರ ಅಂಕಿಯ ಹಾಗೇ ಕಾಣುವ ಅಂಕಿ. ಸುಳಿವು ಅದೇ ಹಾಳೆಯಲ್ಲಿ, ಅದೇ ಸಾಲಿನಲ್ಲಿ, ಗಾಯವಿಲ್ಲದ ಕಾಲಿನ ಎದುರಿಗೆ ಇತ್ತು.

ಉಳಿದ ಸಮಾಧಾನಗಳೂ ಹೀಗೇ ಒಂದೊಂದಾಗಿ ಕಳಚಿದವು. ಮೀನಖಂಡ ನೋಯುವುದಿಲ್ಲ ಎಂದಿದ್ದರು. ಮಂಡಿ ನೋವಿನಿಂದ ಅವರು ಮನೆಯೊಳಗೆ ಬಿಟ್ಟು ಬೇರೆಲ್ಲೂ ನಡೆಯುತ್ತಲೇ ಇರಲಿಲ್ಲ. ನೋವು ಬರುವಷ್ಟು ದೂರ ಹೋದರೆ ತಾನೇ ನೋಯುವುದು! ಜೊತೆಗೆ ಪಾದದ ನರಗಳು ಸೋತಿದ್ದವು. ಪಾದ ಬೆಚ್ಚಗಿತ್ತಲ್ಲ ಎಂದರೆ, ಸಕ್ಕರೆ ಕಾಯಿಲೆಯಲ್ಲಿ ನರ ಸೋತ ಪಾದ ರಕ್ತ ಕಡಿಮೆ ಇದ್ದಾಗಲೂ ಬೆಚ್ಚಗಿರಬಹುದು. ‘ಸಿಗುತ್ತಿದೆ ಅನ್ನಿಸುತ್ತದೆ’ ಎಂದು ಬರೆದ ನಾಡಿ ಎಷ್ಟೋ ಸಲ ಪರೀಕ್ಷೆ ಮಾಡುವವರ ಬೆರಳಿನದೇ ನಾಡಿ.

ಗಟ್ಟಿಯಾಗುವ ಈ ತೊಂದರೆ ಕಾಲ್ಬೆರಳಿನ ಸಣ್ಣ ನಾಳಗಳಲ್ಲಿ ಕಡಿಮೆ. ಹಾಗಾಗಿ ಹೆಬ್ಬೆರಳಿಗೆ ಪುಟ್ಟ ಕಫ್ ಕಟ್ಟಿ ಒತ್ತಡ ನೋಡಿದೆವು: 34. ಅದನ್ನು 146ರಿಂದ ಭಾಗಿಸಿದರೆ 0.23. ಬೆರಳಿನ ಈ ಸೂಚ್ಯಂಕವನ್ನು ಟಿಬಿಐ ಎನ್ನುತ್ತೇವೆ. 0.70 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಸಹಜ. ಬೆರಳಿನ ಒತ್ತಡ 30ಕ್ಕಿಂತ ಕೆಳಗಿಳಿದರೆ ಗಾಯ ತಾನಾಗಿ ಕೂಡುವ ಆಸೆ ತೀರಾ ಕಡಿಮೆ. ನಾವು ಆ ಅಂಚಿನಲ್ಲಿದ್ದೆವು.

ಮುಂದಿನದು ಬೇಗ ನಡೆಯಿತು. ಸ್ಕ್ಯಾನ್‌ನಲ್ಲಿ ಮಂಡಿಯ ಕೆಳಗಿನ ಒಂದು ನಾಳ ಪೂರ್ತಿ ಮುಚ್ಚಿತ್ತು, ಇನ್ನೊಂದು ಉದ್ದಕ್ಕೂ ಕಿರಿದಾಗಿತ್ತು. ಕಿಡ್ನಿಯನ್ನು ಗಮನದಲ್ಲಿಟ್ಟುಕೊಂಡು ಆಂಜಿಯೋಪ್ಲಾಸ್ಟಿ ಮಾಡಿದರು. ಎರಡನೇ ಬೆರಳು ಉಳಿಯಲಿಲ್ಲ. ಪಾದ ಉಳಿಯಿತು. ಕತ್ತರಿಸಿದ ಜಾಗ ಕೂಡಲು ಎರಡೂವರೆ ತಿಂಗಳು ಹಿಡಿಯಿತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅಂದೇ ಶುರುವಾದವು. ಮೂರು ವಾರ ಮೊದಲೇ ಶುರುವಾಗಬೇಕಿತ್ತು. ಪಿಎಡಿ ಇರುವವರಿಗೆ ಕಾಲಿಗಿಂತ ದೊಡ್ಡ ಅಪಾಯ ಹೃದಯಾಘಾತ ಮತ್ತು ಪಾರ್ಶ್ವವಾಯುವಿನದು.

ರೋಗಿಗೆ ನಡೆದದ್ದನ್ನು ನಾನೇ ಕೂತು ಹೇಳಿದೆ. ಪರೀಕ್ಷೆ ಮಾಡಿದ್ದೆವು, ಆದರೆ ತಪ್ಪಾಗಿ ಓದಿದೆವು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಡಾಕ್ಟ್ರೇ, ಆ ಹುಡುಗನಿಗೆ ಅದನ್ನ ಯಾರಾದರೂ ಕಲಿಸಿದ್ರಾ?’

ಕಲಿಸಿದ್ದೆವಾ?

ಈ ಪ್ರಶ್ನೆ ಹಿಡಿದುಕೊಂಡು ವಿಭಾಗದ ತರಬೇತಿಯವರನ್ನೆಲ್ಲ ಕೂರಿಸಿ ಒಂದು ಹಾಳೆಯ ಪ್ರಶ್ನೆಗಳನ್ನು ಕೊಟ್ಟೆ. ಹೆಸರು ಬರೆಯಬೇಡಿ ಎಂದೆ. ತಪ್ಪು ಮಾಡಿದವರನ್ನು ಹುಡುಕುವುದು ನನಗೆ ಬೇಕಿರಲಿಲ್ಲ.

0.90 ಎಂಬ ಅಂಕಿಯನ್ನು ಎಲ್ಲರೂ ಬರೆದಿದ್ದರು, ಒಬ್ಬರೂ ತಪ್ಪಿರಲಿಲ್ಲ. 1.40ರ ಮೇಲೆ ಬಂದರೆ ಏನು ಎಂದು ಕೇಳಿದಾಗ ಹೆಚ್ಚಿನವರು ‘ನಾರ್ಮಲ್’ ಎಂದೋ ‘ಒಳ್ಳೆಯ ರಕ್ತ ಓಡಾಟ’ ಎಂದೋ ಬರೆದಿದ್ದರು. ಬೆರಳಿನ ಒತ್ತಡದ ಪ್ರಶ್ನೆಯನ್ನು ಇಬ್ಬರು ಬಿಟ್ಟರೆ ಉಳಿದವರು ಖಾಲಿ ಬಿಟ್ಟಿದ್ದರು.

ನನಗೆ ಜಾಸ್ತಿ ಕಳವಳವಾದದ್ದು ಲೆಕ್ಕದ ಪ್ರಶ್ನೆಯಲ್ಲಿ. ತೋಳುಗಳು 118 ಮತ್ತು 134, ಒಂದು ಕಾಲಿನ ಎರಡು ನಾಳಗಳು 124 ಮತ್ತು 96 ಎಂದು ಕೊಟ್ಟಿದ್ದೆ. ಎರಡು ತೋಳುಗಳಲ್ಲಿ ಹೆಚ್ಚಿನದು, ಆ ಕಾಲಿನ ಎರಡು ನಾಳಗಳಲ್ಲಿ ಹೆಚ್ಚಿನದು ತೆಗೆದುಕೊಳ್ಳಬೇಕು. 124 ಭಾಗಿಸು 134, ಅಂದರೆ 0.93. ಇದು ಗಡಿಯಲ್ಲಿರುವ ಅಂಕಿ, 0.91ರಿಂದ 0.99ರ ನಡುವಿನದು. ಕೆಲವರು ಕಡಿಮೆ ಇರುವ ತೋಳನ್ನು ಹಿಡಿದು 1.05 ಮಾಡಿದ್ದರು, ಅಂದರೆ ಸಹಜ. ಕೆಲವರು ಕಡಿಮೆ ಇರುವ ನಾಳವನ್ನು ಹಿಡಿದು 0.72 ಮಾಡಿದ್ದರು, ಅಂದರೆ ಕಾಯಿಲೆ. ಒಬ್ಬನೇ ರೋಗಿ, ನಾಲ್ಕೇ ಅಂಕಿ, ಮೂರು ತೀರ್ಪು. ಎರಡು ತೋಳುಗಳ ನಡುವೆ 16ರ ಅಂತರವಿದೆ, ತೋಳಿನ ಕಡೆಯ ನಾಳವೇ ಕಿರಿದಾಗಿರಬಹುದು ಎಂದು ಯಾರೂ ಬರೆದಿರಲಿಲ್ಲ. ಅದು ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆ, ನಿಜ. ಆದರೆ ರೋಗಿಯೂ ಅದನ್ನು ನಮಗೆ ಕೇಳಿ ಬರುವುದಿಲ್ಲ ಅಲ್ವಾ?

ಇವರು ಓದದವರಲ್ಲ. ಪರೀಕ್ಷೆಗೆ ಬೇಕಾದ ಅಂಕಿ ಇವರ ಬಾಯಲ್ಲಿತ್ತು. ಆ ಅಂಕಿ ಹೇಗೆ ಹುಟ್ಟುತ್ತದೆ, ಯಾವಾಗ ಸುಳ್ಳು ಹೇಳುತ್ತದೆ ಎಂಬುದು ಕೈಗೆ ಬಂದಿರಲಿಲ್ಲ. ಯಾಕೆಂದರೆ ಹೆಚ್ಚಿನವರು ಒಮ್ಮೆಯೂ ಸ್ವತಃ ಎಬಿಐ ಮಾಡಿರಲಿಲ್ಲ.

ಮೊದಲ ಪ್ರಯತ್ನ ಸೋತಿತು

ನಾನು ಒಂದು ಗಂಟೆ ಪಾಠ ಮಾಡಿದೆ. ಒಳ್ಳೆಯ ಚಿತ್ರಗಳಿದ್ದವು. 2001ರಲ್ಲಿ ಪ್ರಕಟವಾದ ಅಮೆರಿಕದ ಪಾರ್ಟ್‌ನರ್ಸ್ ಅಧ್ಯಯನದ ವಿಷಯ ಹೇಳಿದೆ. 70 ದಾಟಿದವರು, ಮತ್ತು 50ರಿಂದ 69ರೊಳಗಿದ್ದು ಸಿಗರೇಟ್ ಅಥವಾ ಸಕ್ಕರೆ ಕಾಯಿಲೆ ಇದ್ದವರು, ಒಟ್ಟು 6,979 ಜನರನ್ನು ನೋಡಿದಾಗ 29% ಜನರಲ್ಲಿ ಪಿಎಡಿ ಸಿಕ್ಕಿತ್ತು. ಪುಸ್ತಕದಲ್ಲಿ ಹೇಳುವಂಥ ಮೀನಖಂಡದ ನೋವು ಅವರಲ್ಲಿ ಸ್ವಲ್ಪ ಜನಕ್ಕೆ ಮಾತ್ರ ಇತ್ತು. ಮೊದಲೇ ಕಾಯಿಲೆ ಪತ್ತೆಯಾಗಿದ್ದ ರೋಗಿಗಳಲ್ಲಿ 83% ಜನಕ್ಕೆ ಅದರ ಅರಿವಿತ್ತು, ಅವರ ವೈದ್ಯರಲ್ಲಿ 49% ಜನಕ್ಕೆ ಮಾತ್ರ. ಈ ಅಂಕಿ ಕೇಳಿ ಎಲ್ಲರೂ ಮುಖ ಮುಖ ನೋಡಿಕೊಂಡರು.

ಒಂದು ತಿಂಗಳ ನಂತರ ಫೈಲುಗಳನ್ನು ತೆಗೆದು ನೋಡಿದೆ. ಮತ್ತೆ ಅದೇ ‘ಎಬಿಐ ನಾರ್ಮಲ್’. ಯಾವ ತೋಳು, ಯಾವ ನಾಳ, ಸದ್ದು ಹೇಗಿತ್ತು, ಏನೂ ಇಲ್ಲ.

ಆಗ ನಮ್ಮದೇ ನಮೂನೆಯ ಮೇಲೆ ಕಣ್ಣು ಬಿತ್ತು. ಅದರಲ್ಲಿ ಎಬಿಐಗೆ ಇದ್ದದ್ದು ಒಂದೇ ಒಂದು ಚೌಕ. ಒಂದು ಪದ ಹಿಡಿಸುವಷ್ಟು ಜಾಗ. ಒಂದು ಪದದ ಜಾಗ ಕೊಟ್ಟು ಯೋಚನೆಯನ್ನು ನಿರೀಕ್ಷಿಸಿದ್ದು ನಾವು. ಇನ್ನೂ ಒಂದು ಸಂಗತಿ ತಿಳಿಯಿತು. ಬೆರಳಿನ ಕಫ್ ಬೇರೆ ಕಟ್ಟಡದ ಕಪಾಟಿನಲ್ಲಿ ಬೀಗದೊಳಗಿತ್ತು. ಡಾಪ್ಲರ್‌ಗೆ ಹಚ್ಚುವ ಜೆಲ್ ಎಷ್ಟೋ ದಿನ ವಾರ್ಡಿನಲ್ಲಿ ಇರುತ್ತಲೇ ಇರಲಿಲ್ಲ. ಅರಿವಿನ ಕೊರತೆ ಎಂದು ನಾನು ಕರೆದದ್ದರಲ್ಲಿ ಒಂದು ಪಾಲು ಬೀಗದ ಕೈಯ ಕೊರತೆ.

ಎರಡನೇ ಪ್ರಯತ್ನ

ಪಾಠ ನಿಲ್ಲಿಸಿದೆವು. ಇಬ್ಬಿಬ್ಬರಾಗಿ ಒಬ್ಬರ ಕಾಲನ್ನು ಇನ್ನೊಬ್ಬರು ಅಳೆಯಬೇಕು ಎಂದೆವು. ಮಲಗಿಸಿ ಐದರಿಂದ ಹತ್ತು ನಿಮಿಷ ವಿಶ್ರಾಂತಿ. ಕಾಲಿನ ಸುತ್ತಳತೆಗೆ ಸರಿಹೋಗುವ ಕಫ್. ಪ್ರೋಬ್ ಚರ್ಮಕ್ಕೆ ನೆಟ್ಟಗೆ ನಿಲ್ಲಬಾರದು, 45ರಿಂದ 60 ಡಿಗ್ರಿ ವಾಲಿರಬೇಕು. ಸದ್ದು ನಿಂತ ಮೇಲೂ 20ರಷ್ಟು ಏರಿಸಿ, ನಿಧಾನವಾಗಿ ಇಳಿಸಿ, ಸದ್ದು ಮತ್ತೆ ಕೇಳಿದ ಕ್ಷಣದ ಅಂಕಿ ಬರೆಯಬೇಕು. ಓದಲು ಸುಲಭ. ಮಾಡಲು ಹೋದರೆ ಪ್ರೋಬ್ ಜಾರುತ್ತದೆ, ಸದ್ದು ತಪ್ಪುತ್ತದೆ, ಕೈ ನಡುಗುತ್ತದೆ. ಮೊದಲ ದಿನ ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅದೇ ಬೇಕಿತ್ತು. ತಪ್ಪಾಗುವ ಜಾಗಗಳನ್ನು ಕೈಯೇ ಕಲಿಯಿತು.

ಇಂಟರ್ನ್ ಮಾಡಿದ್ದನ್ನೇ ಎರಡನೇ ಅಭ್ಯಾಸವಾಗಿಸಿದೆವು: ಮೊದಲು ನಿಮ್ಮ ಕಾಲಿನ ಸದ್ದು ಕೇಳಿ, ಆಮೇಲೆ ರೋಗಿಯದು. ಒಂದು ಕಾಲಿನ ಸದ್ದನ್ನು ಹತ್ತು ಸಲ ವಿವರಿಸುವುದಕ್ಕಿಂತ ಎರಡು ಕಾಲುಗಳ ಸದ್ದನ್ನು ಒಂದು ಸಲ ಕೇಳಿಸುವುದು ಮೇಲು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ನಮೂನೆಯನ್ನೂ ಬದಲಿಸಿದೆವು. ಎರಡು ತೋಳು, ನಾಲ್ಕು ನಾಳ, ಆರು ಅಂಕಿಗೂ ಜಾಗ. ಪ್ರತಿ ನಾಳದ ಸದ್ದಿಗೆ ಒಂದು ಸಾಲು. ಕೊನೆಯಲ್ಲಿ ಎರಡು ಪ್ರಶ್ನೆ: ‘ಯಾವ ಕಾಲಿನಲ್ಲಾದರೂ 1.40ಕ್ಕಿಂತ ಜಾಸ್ತಿ ಇದೆಯಾ?’ ‘ಗಾಯ ಇದೆಯಾ?’ ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಬೆರಳಿನ ಒತ್ತಡ ನೋಡಲೇಬೇಕು. ಕಫ್ ಮತ್ತು ಜೆಲ್ ವಾರ್ಡಿಗೆ ಬಂದವು, ಬೀಗವಿಲ್ಲದೆ.

ನಾವು ಎಣಿಸದೆ ಇದ್ದದ್ದು

ಕೆಲವೇ ವಾರದಲ್ಲಿ ಇನ್ನೊಂದು ಬಗೆಯ ತೊಂದರೆ ಶುರುವಾಯಿತು. ಕಂಡ ಕಂಡವರಿಗೆಲ್ಲ ಎಬಿಐ! ಬಿದ್ದು ಪಾದ ಉಳುಕಿದ 34 ವರ್ಷದ, ಬೇರೆ ಯಾವ ಕಾಯಿಲೆಯೂ ಇಲ್ಲದ ಒಬ್ಬರಿಗೂ ಮಾಡಿದ್ದರು. ಉತ್ಸಾಹ ನೋಡಿ ಖುಷಿಯಾಯಿತು, ಆದರೆ ಇದೂ ತಿಳಿವಳಿಕೆಯ ತಪ್ಪೇ.

ಮತ್ತೆ ಕೂತು ಮಾತಾಡಿದೆವು. ಲಕ್ಷಣ ಇರುವವರಿಗೆ, ಗಾಯ ಇರುವವರಿಗೆ ಮಾಡುವ ಎಬಿಐ ರೋಗ ಪತ್ತೆಯ ಪರೀಕ್ಷೆ. ಏನೂ ತೊಂದರೆ ಇಲ್ಲದವರಲ್ಲಿ ಹುಡುಕುತ್ತಾ ಹೋಗುವುದು ಸ್ಕ್ರೀನಿಂಗ್. ಪರೀಕ್ಷೆ ಒಂದೇ, ಕೇಳುವ ಪ್ರಶ್ನೆ ಬೇರೆ. ಸ್ಕ್ರೀನಿಂಗ್ ವಿಷಯದಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಅಮೆರಿಕದ ಹೃದ್ರೋಗ ಸಂಘಟನೆಗಳ 2016ರ ಮಾರ್ಗಸೂಚಿ, 65 ದಾಟಿದವರಿಗೆ ಮತ್ತು ಅಪಾಯದ ಅಂಶಗಳಿರುವ 50ರಿಂದ 64ರೊಳಗಿನವರಿಗೆ ಲಕ್ಷಣ ಇಲ್ಲದಿದ್ದರೂ ಮಾಡಬಹುದು ಎಂದಿತ್ತು. ಅದೇ ದೇಶದ ರೋಗ ತಡೆ ಸೇವೆಗಳ ಕಾರ್ಯಪಡೆ, ಲಕ್ಷಣ ಇಲ್ಲದವರಲ್ಲಿ ಇದರ ಲಾಭ ನಷ್ಟ ತೂಗಲು ಸಾಕ್ಷ್ಯ ಸಾಲದು ಎಂದು 2018ರಲ್ಲಿ ಹೇಳಿತು. ತರಬೇತಿಯಲ್ಲಿರುವವರಿಗೆ ಈ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಹೇಳಬೇಕು ಎಂಬುದು ನನ್ನ ನಿಲುವು. ಯಾಕೆ ಮಾಡುತ್ತಿದ್ದೀರಿ, ಅಂಕಿ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಈಗ ಮೊದಲು ಕೇಳುತ್ತೇವೆ.

ಆ ಮಾತಿನ ನಡುವೆ ಮೊದಲ ರೆಸಿಡೆಂಟ್ ಒಂದು ಒಳ್ಳೆಯ ಪ್ರಶ್ನೆ ಎತ್ತಿದ. ಹಲವು ವಾರ ಅವನು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ‘ನಡೆದಾಗ ಮೀನಖಂಡ ನೋಯುತ್ತದೆ, ನಿಂತರೆ ಹೋಗುತ್ತದೆ, ಆದರೆ ಎಬಿಐ 1.02. ಬಿಟ್ಟುಬಿಡೋದಾ?’ ಬಿಡಬಾರದು. ನಡೆಸಿ, ಅಥವಾ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡಿಸಿ, ತಕ್ಷಣ ಮತ್ತೆ ಅಳೆಯಬೇಕು. ಕಣಕಾಲಿನ ಒತ್ತಡ 30ಕ್ಕಿಂತ ಜಾಸ್ತಿ ಇಳಿದರೆ, ಅಥವಾ ಎಬಿಐ 20%ಗಿಂತ ಜಾಸ್ತಿ ಕುಸಿದರೆ ಪಿಎಡಿ ಇದೆ ಎಂದು ತಿಳಿಯಬೇಕು. ಮಲಗಿದ್ದಾಗ ಸಾಲುವ ರಕ್ತ ನಡೆಯುವಾಗ ಸಾಲದೇ ಹೋಗಬಹುದು. ಇದನ್ನು ಮುಂದಿನ ತಂಡಕ್ಕೆ ಕಲಿಸುವ ಕೆಲಸವನ್ನು ಅವನೇ ಕೇಳಿ ತೆಗೆದುಕೊಂಡ.

ನಾಲ್ಕು ತಿಂಗಳ ನಂತರ

ಕಿಡ್ನಿ ಕಾಯಿಲೆ ಇರುವ ವಯಸ್ಸಾದ ಮಹಿಳೆಯೊಬ್ಬರು ಕಾಲು ಊತ ಮತ್ತು ಕಣಕಾಲಿನ ಹುಣ್ಣಿಗೆ ಬಂದರು. ಊತ ಇಳಿಸಲು ಬಿಗಿಯಾದ ಬ್ಯಾಂಡೇಜ್ ಕಟ್ಟುವುದು ಎಂದಾಗಿತ್ತು. ರಕ್ತ ಸರಿಯಾಗಿ ಬಾರದ ಕಾಲಿಗೆ ಹಾಗೆ ಬಿಗಿದರೆ ಅಪಾಯ. ರಾತ್ರಿ ಪಾಳಿಯಲ್ಲಿದ್ದದ್ದು ಹೊಸದಾಗಿ ಸೇರಿದ ಇಂಟರ್ನ್. ಮೊದಲ ಪ್ರಕರಣದ ಸುದ್ದಿಯೂ ಅವಳಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನಾನು ನಮೂನೆ ಓದಿದೆ, ಈ ಸಲ ಪೂರ್ತಿಯಾಗಿ. ಆರು ಅಂಕಿಗಳಿದ್ದವು. ಹುಣ್ಣಿದ್ದ ಕಾಲಿನ ಎಬಿಐ 1.46. ಸದ್ದಿನ ಸಾಲಿನಲ್ಲಿ ‘ಒಂದೇ ಹುಶ್’ ಎಂದಿತ್ತು. ಕೆಳಗೆ ಅವಳ ಕೈಬರಹದಲ್ಲಿ: ‘ನಾಳ ಕಫ್‌ಗೆ ಬಗ್ಗುತ್ತಿಲ್ಲ. ಬೆರಳಿನ ಒತ್ತಡ 48. ರಕ್ತನಾಳದ ತಜ್ಞರು ನೋಡುವವರೆಗೆ ಬ್ಯಾಂಡೇಜ್ ಬಿಗಿಯಬೇಡಿ ಎಂದು ಸಿಸ್ಟರ್‌ಗೆ ಹೇಳಿದ್ದೇನೆ.’